ಪೊಲೀಸ್ ನಿಲ್ಲಿಸಿದರೆ ಕಾರಿಂದ ಇಳಿಯಬೇಡಿ

ಈ ಸಲ ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ತೀರ್ಥಹಳ್ಳಿಗೆ ಬಂದಿದ್ದೇನೆ. ಜಗಲಿಯಲ್ಲಿ ಕೂತರೆ ದಿನಕ್ಕೊಬ್ಬರಾದರೂ ಬರುತ್ತಾರೆ. "ನಮ್ಮ ಹುಡುಗ ಜನವರಿಗೆ ಅಮೆರಿಕಕ್ಕೆ ಹೊರಟಿದ್ದಾನೆ, ನಾಲ್ಕು ಮಾತು ಹೇಳಿ ಮಾರಾಯ್ರೆ." ಅವರು ಕೇಳುವುದು ಚಳಿ, ಕುಕ್ಕರು, ಸಾರಿನ ಪುಡಿ. ನಾನು ಹೇಳುವುದು ಕಾರಿನ ವಿಷಯ. ಅಲ್ಲಿ ಬಹಳ ಊರುಗಳಲ್ಲಿ ಬಸ್ಸಿಗೆ ಕಾದು ಕೂತರೆ ಕಾಲ ಕಳೆಯುವುದಿಲ್ಲ. ಕೆಲವೇ ತಿಂಗಳಲ್ಲಿ ನೀವೂ ಸ್ಟಿಯರಿಂಗ್ ಹಿಡಿದಿರುತ್ತೀರಿ.

ಶಿವಮೊಗ್ಗದ ಗೋಪಿ ಸರ್ಕಲ್‌ನಲ್ಲಿ ಪೊಲೀಸರು ಕೈ ಅಡ್ಡ ಹಾಕಿದರೆ ನಾವು ಏನು ಮಾಡುತ್ತೇವೆ? ಗಾಡಿ ಬದಿಗೆ ಹಾಕಿ, ಹೆಲ್ಮೆಟ್ ತೆಗೆದು, ಕಾಗದ ಹಿಡಿದು "ಸಾರ್" ಅಂತ ಅವರ ಹತ್ತಿರ ಹೋಗುತ್ತೇವೆ. ಕೂತಲ್ಲೇ ಕೂತರೆ "ಎಷ್ಟು ಕೊಬ್ಬು ನೋಡು" ಅಂದುಕೊಳ್ಳುತ್ತಾರೆ. ಅಮೆರಿಕದಲ್ಲಿ ಇದು ಪೂರ್ತಿ ತಿರುವುಮುರುವು.

ನಾನು ಕಲಿತದ್ದು ಪೆಟ್ಟು ತಿಂದೇ. ಹೋದ ಹೊಸದರಲ್ಲಿ ನ್ಯೂಜೆರ್ಸಿಯಿಂದ ಪೆನ್ಸಿಲ್ವೇನಿಯಾದ ಗೆಳೆಯನ ಮನೆಗೆ ಹೊರಟಿದ್ದೆ. ವೇಗ ಜಾಸ್ತಿಯಾಗಿತ್ತು, ತಪ್ಪು ನನ್ನದೇ. ಹಿಂದೆ ಕೆಂಪು ನೀಲಿ ದೀಪ ಮಿಣುಕಿತು. ನಿಲ್ಲಿಸಿದೆ. ಫೈಲು ಹಿಡಿದು ಇಳಿದು, ನಗುತ್ತಾ ಅವರ ಕಾರಿನ ಕಡೆ ನಡೆದೆ. ಮೈಕಿನಲ್ಲಿ ಒಂದು ಕೂಗು ಬಂತು ನೋಡಿ, ಎದೆ ಝಲ್ಲೆಂದಿತು. "ವಾಪಸ್ ಕಾರೊಳಗೆ ಹೋಗು!" ಆತನ ಕೈ ಸೊಂಟದ ಮೇಲಿತ್ತು. ಆಮೇಲೆ ಸೌಮ್ಯವಾಗಿಯೇ ಮಾತಾಡಿದರು. ಯಾಕೆ ಇಳಿದೆ ಅಂತ ಕೇಳಿದಾಗ, ನಮ್ಮೂರಲ್ಲಿ ಅದು ಮರ್ಯಾದೆ ಅಂದೆ. ತಲೆ ಅಲ್ಲಾಡಿಸಿ ಟಿಕೆಟ್, ಅಂದರೆ ದಂಡದ ಚೀಟಿ, ಕೊಟ್ಟರು.

ಅಲ್ಲಿ ಯಾರ ಬಳಿ ಬೇಕಾದರೂ ಬಂದೂಕು ಇರಬಹುದು. ಇಳಿದು ಬರುವವನನ್ನು ಕಂಡರೆ ಅವರಿಗೆ ಭಯ. ಹಾಗಾಗಿ ದೀಪ ಕಂಡ ಕೂಡಲೇ ಬಲಕ್ಕೆ ಸಿಗ್ನಲ್ ಹಾಕಿ, ನಿಧಾನ ಮಾಡಿ, ರಸ್ತೆಯ ಬಲ ಅಂಚಿಗೆ ನಿಲ್ಲಿಸಿ. ಎಂಜಿನ್ ಆಫ್ ಮಾಡಿ, ಕಿಟಕಿ ಇಳಿಸಿ. ರಾತ್ರಿಯಾದರೆ ಒಳಗಿನ ಲೈಟು ಹಾಕಿ. ಎರಡೂ ಕೈ ಸ್ಟಿಯರಿಂಗ್ ಮೇಲೆ, ಕಾಣುವ ಹಾಗೆ. ಅವರೇ ಕಿಟಕಿಗೆ ಬರುತ್ತಾರೆ. ಲೈಸೆನ್ಸ್ ಕೇಳಿದರೆ ಸೀದಾ ಡ್ಯಾಶ್‌ಬೋರ್ಡಿಗೆ ಕೈ ಹಾಕಬೇಡಿ. "ಅದು ಆ ಬಾಕ್ಸಿನಲ್ಲಿದೆ, ತೆಗೆಯಲಾ?" ಅಂತ ಕೇಳಿ ಆಮೇಲೆ ತೆಗೆಯಿರಿ. ಅವರೇ ಇಳಿಯಿರಿ ಅಂದರೆ ಮಾತ್ರ ಇಳಿಯಬೇಕು. ಹಾಗೆ ಹೇಳುವ ಅಧಿಕಾರ ಅವರಿಗಿದೆ ಎಂದು 1977ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ.

ಅಪ್ಪ ಅಮ್ಮ ಬಂದಾಗ ಅವರಿಗೂ ಇದನ್ನು ಹೇಳಿಕೊಡಿ. ನಮ್ಮಮ್ಮ ಒಮ್ಮೆ ಹಿಂದಿನ ಸೀಟಿನಲ್ಲಿ ಚೀಲಕ್ಕೆ ಕೈ ಹಾಕಿ ತಡಕಾಡತೊಡಗಿದರು. ಯಾಕೆ ಅಂದರೆ, "ಪಾಪ, ಬಿಸಿಲಲ್ಲಿ ನಿಂತಿದ್ದಾನೆ, ಎರಡು ಕೋಡುಬಳೆ ಕೊಡುವಾ ಅಂತ!"

ಲೈಸೆನ್ಸಿನ ಜೊತೆ ನೋಟು ಮಡಚಿ ಕೊಡುವ ಯೋಚನೆ ಕನಸಲ್ಲೂ ಬೇಡ. ಟಿಕೆಟಿನ ಕತೆ ಕೇಸಾಗಿ, ಜೈಲು, ವೀಸಾದವರೆಗೂ ಹೋಗುತ್ತದೆ. ಟಿಕೆಟಿಗೆ ಸಹಿ ಕೇಳಿದರೆ ಹಾಕಿ. ಸಾಮಾನ್ಯವಾಗಿ ಅದು ತಪ್ಪೊಪ್ಪಿಗೆಯಲ್ಲ, ಕಾಗದ ಮುಟ್ಟಿತು ಅಂತ ಅಷ್ಟೇ. ಆದರೆ "ಬೇರೆ ರಾಜ್ಯದ ಟಿಕೆಟ್ ತಾನೇ, ಯಾರು ಕೇಳ್ತಾರೆ" ಅಂತ ಡ್ರಾಯರಿಗೆ ಹಾಕಿದರೆ ಕೆಟ್ಟಿರಿ. ಬಹುಪಾಲು ರಾಜ್ಯಗಳು ಇಂಥ ಮಾಹಿತಿ ಹಂಚಿಕೊಳ್ಳುತ್ತವೆ. ಟಿಕೆಟ್ ಕಟ್ಟದಿದ್ದರೆ ನಿಮ್ಮ ರಾಜ್ಯದಲ್ಲೇ ಲೈಸೆನ್ಸ್ ಅಮಾನತಾಗಬಹುದು.

ಇನ್ನು ಕಾರ್ಡುಗಳ ಗೋಜಲು. ಇಲ್ಲಿ ಶಿವಮೊಗ್ಗದ ಡಿ.ಎಲ್ ಇಡೀ ದೇಶಕ್ಕೆ ನಡೆಯುತ್ತದೆ. ಕೆಎ-14 ಗಾಡಿ ಬೇರೆ ರಾಜ್ಯದಲ್ಲಿ 12 ತಿಂಗಳು ದಾಟಿದರೆ ಮಾತ್ರ ಅಲ್ಲಿ ಮತ್ತೆ ನೋಂದಣಿಯ ತಲೆನೋವು. ಅಮೆರಿಕದಲ್ಲೂ ಒಂದು ರಾಜ್ಯದ ಲೈಸೆನ್ಸಿನಲ್ಲಿ ಬೇರೆ ರಾಜ್ಯ ಸುತ್ತಿ ಬರಬಹುದು. ಆದರೆ ವಾಸ ಬದಲಾಯಿಸಿದರೆ ಲೈಸೆನ್ಸೂ ಬದಲಾಗಬೇಕು, ಗಡುವು ರಾಜ್ಯಕ್ಕೊಂದು. ಕ್ಯಾಲಿಫೋರ್ನಿಯಾದಲ್ಲಿ 10 ದಿನ, ನ್ಯೂಯಾರ್ಕಿನಲ್ಲಿ 30, ನ್ಯೂಜೆರ್ಸಿಯಲ್ಲಿ 60, ಟೆಕ್ಸಾಸಿನಲ್ಲಿ 90. ಯಾರು ನಿವಾಸಿ, ಯಾರು ಬರೀ ವಿದ್ಯಾರ್ಥಿ ಅನ್ನುವ ಲೆಕ್ಕವೂ ಒಂದೇ ಥರ ಇಲ್ಲ. ನಿಮ್ಮ ರಾಜ್ಯದ ಮೋಟಾರು ಇಲಾಖೆಯ ವೆಬ್‌ಸೈಟ್ ಓದಿ. ರೂಮ್‌ಮೇಟ್ ಮಾತು ನಂಬಬೇಡಿ, ಅವನು ಬಂದದ್ದು ಬೇರೆ ರಾಜ್ಯದಿಂದ.

ಕಾರಿನಲ್ಲಿ ಇರಲೇಬೇಕಾದ್ದು ಮೂರು: ಲೈಸೆನ್ಸ್, ನೋಂದಣಿ, ವಿಮೆ. ಇಲ್ಲಿ ಡಿಜಿಲಾಕರ್ ತೋರಿಸಿ ಅಭ್ಯಾಸವಾದವರು ಗಮನಿಸಿ, ಅಲ್ಲಿ ಪ್ಲಾಸ್ಟಿಕ್ ಕಾರ್ಡೇ ಜೇಬಿನಲ್ಲಿರಲಿ. ಮೊಬೈಲ್ ಲೈಸೆನ್ಸ್ ಕೆಲವು ರಾಜ್ಯಗಳಲ್ಲಿ ಬಂದಿದೆ, ಎಲ್ಲಾ ಕಡೆ ಒಪ್ಪುವುದಿಲ್ಲ.

ಡ್ರೈವಿಂಗ್ ಲೈಸೆನ್ಸ್ ಬೇರೆ, ದೇಶದಲ್ಲಿರುವ ಅನುಮತಿ ಬೇರೆ. 18 ತುಂಬಿದ ವಿದೇಶಿಯರು ತಮ್ಮ ನೋಂದಣಿ ದಾಖಲೆ ಸದಾ ಜೊತೆಗೆ ಇಟ್ಟಿರಬೇಕು ಅನ್ನುವುದು ಅಲ್ಲಿನ ಕೇಂದ್ರ ಕಾನೂನು. ನಮ್ಮಲ್ಲಿ ಹೆಚ್ಚಿನವರಿಗೆ ಅದು ಐ-94 ಅನ್ನುವ ಪ್ರವೇಶ ದಾಖಲೆ, ಗ್ರೀನ್ ಕಾರ್ಡ್ ಇದ್ದವರಿಗೆ ಆ ಕಾರ್ಡು. ಐ-94 ಪ್ರಿಂಟ್ ತೆಗೆದು ಪರ್ಸಿನಲ್ಲಿ ಮಡಚಿಡಿ. ಪಾಸ್‌ಪೋರ್ಟನ್ನು ನಾನು ದಿನಾ ಹೊತ್ತು ತಿರುಗುವುದಿಲ್ಲ, ಗಡಿಯ ಹತ್ತಿರ ಹೋಗುವಾಗ ಮಾತ್ರ ಒಯ್ಯುತ್ತೇನೆ. ಮನೆ ಬದಲಾಯಿಸಿದರೆ 10 ದಿನದೊಳಗೆ ವಲಸೆ ಇಲಾಖೆಗೆ ಎಆರ್-11 ನಮೂನೆಯಲ್ಲಿ ತಿಳಿಸಬೇಕು. ಇದನ್ನು ಮರೆಯುವವರೇ ಜಾಸ್ತಿ. ದೇಶದಲ್ಲಿರುವ ಅನುಮತಿಯ ಅವಧಿಗೆ ತಕ್ಕಂತೆ ಸಾಮಾನ್ಯವಾಗಿ ಲೈಸೆನ್ಸ್ ಅವಧಿಯೂ ಮುಗಿಯುತ್ತದೆ, ಅದರ ತಾರೀಖನ್ನೂ ಆಗಾಗ ನೋಡುತ್ತಿರಿ.

ಕುಡಿದು ಓಡಿಸುವುದರ ಬಗ್ಗೆ ಉದ್ದ ಭಾಷಣ ಬೇಡ. ರಕ್ತದಲ್ಲಿ ಮದ್ಯದ ಮಿತಿ ಹೆಚ್ಚಿನ ಕಡೆ ಶೇಕಡಾ 0.08, ಯೂಟಾ ರಾಜ್ಯದಲ್ಲಿ 0.05. ಕೋರ್ಟು ಶಿಕ್ಷೆ ಕೊಡುವ ಮೊದಲೇ, ಬಂಧನವಾದ ಮಾತ್ರಕ್ಕೇ ವೀಸಾ ರದ್ದಾದವರಿದ್ದಾರೆ. ಹಳದಿ ಶಾಲಾ ಬಸ್ಸು ಕೆಂಪು ದೀಪ ಹಾಕಿ ನಿಂತರೆ ಎದುರು ದಿಕ್ಕಿನವರೂ ನಿಲ್ಲಬೇಕು, ಮಧ್ಯೆ ಡಿವೈಡರ್ ಇದ್ದರೆ ಮಾತ್ರ ಹೆಚ್ಚಿನ ಕಡೆ ರಿಯಾಯಿತಿ. ಸ್ಟಾಪ್ ಫಲಕ ಕಂಡರೆ ಚಕ್ರ ಪೂರ್ತಿ ನಿಲ್ಲಬೇಕು. ಆಗುಂಬೆ ತಿರುವಿನಲ್ಲಿ ಹಾರ್ನ್ ಹೊಡೆದು ನಿಧಾನಕ್ಕೆ ತಿರುಗಿಸುವ ಹಾಗಲ್ಲ.

ಹೊರಡುವ ಮೊದಲು ಇಲ್ಲೇ ಮುಗಿಸಬೇಕಾದ ಒಂದು ಕೆಲಸವಿದೆ. ಆರ್‌ಟಿಓದಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿ. ಒಂದು ವರ್ಷ ನಡೆಯುತ್ತದೆ. ಅದು ಲೈಸೆನ್ಸ್ ಅಲ್ಲ, ಲೈಸೆನ್ಸಿನ ಅನುವಾದ. ಮೂಲ ಡಿ.ಎಲ್ ಜೊತೆಗಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಆ ಡಿ.ಎಲ್ ಅವಧಿಯೇ ಮುಗಿದಿದ್ದರೆ? ಮೊನ್ನೆ ಜಗಲಿಗೆ ಬಂದ ಹುಡುಗ ನಾನು ಹೇಳಿದ ಮೇಲೆ ಕಾರ್ಡು ತೆಗೆದು ನೋಡಿದ. ಮುಗಿದು ನಾಲ್ಕು ತಿಂಗಳಾಗಿತ್ತು. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಶಿವಮೊಗ್ಗಕ್ಕೆ ಓಡಿದ್ದಾನೆ.