ಮೂರು ಬೆಕ್ಕು, ಮುಚ್ಚಿದ ಕಿಟಕಿ, ಮಂಗಳೂರಿನ ಮಳೆ: ಲಿಟರ್ ಬಾಕ್ಸ್ ನಾತ ಹೋಗಿಸಿದ್ದು ಹೀಗೆ

ನಮ್ಮ ಮನೆಯ ಲಿಟರ್ ಬಾಕ್ಸ್, ಅಂದರೆ ಬೆಕ್ಕುಗಳ ಪಾಯಖಾನೆ ಡಬ್ಬ, ಈಗ ನಾರುವುದಿಲ್ಲ. ಜುಲೈ ತಿಂಗಳ ಮಳೆಯಲ್ಲೂ ನಾರುವುದಿಲ್ಲ. ಕರಾವಳಿಯಲ್ಲಿ ಮನೆಯೊಳಗೆ ಬೆಕ್ಕು ಸಾಕುವವರಿಗೆ ಈ ಮಾತಿನ ತೂಕ ಗೊತ್ತು. ನಮ್ಮದು ಮೂರನೇ ಮಹಡಿಯ ಎರಡು ಬೆಡ್‌ರೂಮ್ ಫ್ಲಾಟು. ಕರಿಯ, ಮಿಂಚಿ, ಪುಟ್ಟಿ ಅಂತ ಮೂರು ಬೆಕ್ಕುಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಕಿಟಕಿ ತೆರೆಯುವ ಹಾಗೇ ಇಲ್ಲ, ಇರಚಲು ಹೊಡೆಯುತ್ತದೆ. ಆ ನಾಲ್ಕು ತಿಂಗಳು ಗೆದ್ದರೆ ವರ್ಷ ಗೆದ್ದ ಹಾಗೆ.

ನಾನು ಡಬ್ಬಕ್ಕೆ ಇನ್ನು ಮರದ ಪೆಲೆಟ್, ಅಂದರೆ ಮರದ ಹುಡಿಯನ್ನು ಒತ್ತಿ ಮಾಡಿದ ಸಣ್ಣ ತುಂಡು, ಹಾಕುತ್ತೇನೆ ಎಂದಾಗ ಬೆಕ್ಕು ಸಾಕುವ ಗೆಳೆಯರೆಲ್ಲ ಬೇಡ ಎಂದರು. "ಮರದ ಹುಡಿ ಹಾಕಿದ್ರೆ ಮನೆ ಕೊಟ್ಟಿಗೆ ಆಗ್ತದೆ ಮಾರಾಯ್ರೇ" ಎಂದರು ಒಬ್ಬರು. ಅವರು ಡಬ್ಬಕ್ಕೆ ತುಂಬಲು ತಿಂಗಳಿಗೆ ಎರಡೂವರೆ ಸಾವಿರದ, ಸೋಯಾ ತಿರುಳಿನ ತೋಫು ಲಿಟರ್ ತರಿಸುತ್ತಾರೆ. ಊರಿಂದ ಬಂದಿದ್ದ ಅಮ್ಮ ಮನೆಯೊಳಗೆ ಬೆಕ್ಕಿಗೆ ಪಾಯಖಾನೆ ಇಡುವುದನ್ನೇ ಒಪ್ಪಿರಲಿಲ್ಲ. ಈ ಸಲ ಬಂದು ನಾಲ್ಕು ದಿನ ಇದ್ದು, "ಡಬ್ಬ ಎಲ್ಲಿ ಇಟ್ಟಿದ್ದೀಯ ಈಗ?" ಎಂದು ಕೇಳಿದರು. ಡಬ್ಬ ಅವರು ಮಲಗುವ ಕೋಣೆಯ ಪಕ್ಕದ ಪ್ಯಾಸೇಜಿನಲ್ಲೇ ಇತ್ತು. ಹಾಗಾಗಿ ಇದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಸೋತ ವಿಧಾನಗಳನ್ನು ಹೇಳುತ್ತೇನೆ. ಹಣ ಹೋದದ್ದೆಲ್ಲ ಅಲ್ಲೇ.

ಬೆಂಟೊನೈಟ್ ಎಲ್ಲರಿಗೂ ಗೊತ್ತು. ಕಛ್ ಕಡೆಯ ಮಣ್ಣು, ಒದ್ದೆಯಾದರೆ ಉಂಡೆ ಕಟ್ಟುತ್ತದೆ. ಹತ್ತು ಕೆಜಿ ಚೀಲಕ್ಕೆ ಐನೂರೈವತ್ತು, ಆರುನೂರು ಕೊಡುತ್ತಿದ್ದೆ. ಬೇಸಗೆಯಲ್ಲಿ ತಿಂಗಳಿಗೆ ಎರಡು ಚೀಲ ಸಾಕು. ಮಳೆಗಾಲದಲ್ಲಿ ಮೂರು ಚೀಲವೂ ಸಾಲುತ್ತಿರಲಿಲ್ಲ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಉಂಡೆ ಗಟ್ಟಿಯಾಗುವುದೇ ಇಲ್ಲ. ಸ್ಕೂಪ್ ತಾಗಿದ ಕೂಡಲೇ ಒಡೆಯುತ್ತದೆ. ಒಡೆದ ಚೂರು ಒಳ್ಳೆಯ ಮಣ್ಣಿನ ಜೊತೆ ಬೆರೆತು ಅಲ್ಲೇ ಉಳಿಯುತ್ತದೆ. ನಾತ ಬರುವುದು ಆ ಚೂರುಗಳಿಂದ. ನಾವು ಮಾತ್ರ ಮೇಲಿನದು ತೆಗೆದೆವಲ್ಲ ಅಂದುಕೊಳ್ಳುತ್ತೇವೆ. ಇನ್ನೊಂದು ಮಾತು, ಇದನ್ನು ಟಾಯ್ಲೆಟ್‌ಗೆ ಸುರಿಯಬೇಡಿ. ನಮ್ಮ ಕಟ್ಟಡದಲ್ಲಿ ಯಾರೋ ಸುರಿದು, ಪೈಪಿನೊಳಗೆ ಅದು ಉಬ್ಬಿ ಕುಳಿತು, ಪ್ಲಂಬರ್‌ಗೆ ಮೂರು ಸಾವಿರ ಹೋಯಿತು. ಬೆಕ್ಕು ಇರುವ ಮನೆ ನಮ್ಮದು ಅಂತ ಎಲ್ಲರೂ ನಮ್ಮ ಬಾಗಿಲನ್ನೇ ನೋಡಿದರು.

ಸಿಲಿಕಾ ಹರಳು ತಂದೆ. ಡಿಸೆಂಬರ್, ಜನವರಿಯಲ್ಲಿ ಚೆನ್ನಾಗಿ ಕೆಲಸ ಮಾಡಿತು. ಮಳೆ ಶುರುವಾದ ಮೇಲೆ ಅದು ಬೆಕ್ಕಿನ ಉಚ್ಚೆ ಬರುವ ಮೊದಲೇ ಗಾಳಿಯ ತೇವ ಕುಡಿದು ಸುಸ್ತಾಗುತ್ತಿತ್ತು. ಸಣ್ಣ ಚೀಲಕ್ಕೆ ಐನೂರರ ಹತ್ತಿರ ಬೆಲೆ. ಅದೂ ಬಿಟ್ಟೆ.

ಅಡುಗೆ ಸೋಡಾ ಎಲ್ಲರೂ ಹೇಳುವ ಮದ್ದು. ಅದರ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಕಣ್ಣು ಉರಿಸುವ ನಾತ ಅಮೋನಿಯಾದ್ದು. ಹೊಸ ಉಚ್ಚೆ ಅಷ್ಟೇನೂ ನಾರುವುದಿಲ್ಲ. ಕೆಲವು ಗಂಟೆ ಕಳೆದ ಮೇಲೆ ಬ್ಯಾಕ್ಟೀರಿಯಾಗಳು ಅದರಲ್ಲಿನ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಕ್ಷಾರ ಹೆಚ್ಚಾದಷ್ಟೂ ಆ ಅಮೋನಿಯಾ ಗಾಳಿಗೆ ಹಾರುವುದೂ ಹೆಚ್ಚು. ಸೋಡಾ ಸ್ವಲ್ಪ ಕ್ಷಾರವೇ ಅಲ್ವಾ? ಹುಳಿ ವಾಸನೆಗೆ ಅದು ಸರಿ, ಇದಕ್ಕೆ ಅಲ್ಲ. ಇದನ್ನು ಖಚಿತ ಮಾಡಿಕೊಳ್ಳಲು ಊರಿಂದ ಬಚ್ಚಲ ಒಲೆಯ ಬೂದಿ ತಂದು ಒಂದು ಡಬ್ಬಕ್ಕೆ ಹಾಕಿ ನೋಡಿದೆ. ಬೂದಿ ಸೋಡಾಕ್ಕಿಂತ ಜೋರಾದ ಕ್ಷಾರ. ಬೆಳಗ್ಗೆ ಎದ್ದಾಗ ಆ ಪ್ಯಾಸೇಜಿನಲ್ಲಿ ನಿಲ್ಲಲಾಗಲಿಲ್ಲ. ಪಕ್ಕದ ಡಬ್ಬಕ್ಕೆ ಏನೂ ಹಾಕಿರಲಿಲ್ಲ, ಅದೇ ವಾಸಿ. ಹಿಂದಿನವರು ಬೂದಿ ಚೆಲ್ಲುತ್ತಿದ್ದದ್ದು ತೆರೆದ ಅಂಗಳದಲ್ಲಿ. ಅಲ್ಲಿ ನಡೆಯುತ್ತದೆ, ಫ್ಲಾಟಿನಲ್ಲಿ ನಡೆಯುವುದಿಲ್ಲ. ಸುಣ್ಣಕ್ಕೂ ಇದೇ ಮಾತು.

ಸುವಾಸನೆಯ ಹುಡಿಗಳ ಬಗ್ಗೆ ಹೇಳುವುದೇ ಬೇಡ. ಮಲ್ಲಿಗೆ ಮತ್ತು ಉಚ್ಚೆ ಎರಡೂ ಸೇರಿ ಬರುತ್ತವೆ. ಕರ್ಪೂರ, ನುಸಿಗುಳಿಗೆ, ನೀಲಗಿರಿ ಎಣ್ಣೆ, ಫಿನೈಲ್ ಇವು ಯಾವುದನ್ನೂ ಬೆಕ್ಕಿನ ಹತ್ತಿರ ತರಬೇಡಿ. ಬೆಕ್ಕು ಕಾಲು ನೆಕ್ಕುತ್ತದೆ, ಅದರ ಲಿವರ್‌ಗೆ ಇವನ್ನು ತಡೆದುಕೊಳ್ಳುವ ಶಕ್ತಿ ಇಲ್ಲ. ಉಚ್ಚೆಯ ಡಬ್ಬಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುವವರೂ ಇದ್ದಾರೆ. ಅಮೋನಿಯಾಕ್ಕೆ ಬ್ಲೀಚ್ ಸೇರಿದರೆ ವಿಷದ ಗಾಳಿ ಏಳುತ್ತದೆ. ಮುಚ್ಚಿದ ಬಾತ್‌ರೂಮಿನಲ್ಲಿ ಅದು ಬೆಕ್ಕಿಗೂ ಅಪಾಯ, ನಿಮಗೂ ಅಪಾಯ.

ಇಷ್ಟೆಲ್ಲ ಆದ ಮೇಲೆ ಒಂದು ವಿಷಯ ಸ್ಪಷ್ಟವಾಯಿತು. ಹಾಕುವ ಹುಡಿಯಿಂದ ಏನೂ ಆಗುವುದಿಲ್ಲ. ಒದ್ದೆಯನ್ನು ಬೇರೆ ಮಾಡಬೇಕು, ದಿನಕ್ಕೊಮ್ಮೆ ಮನೆಯಿಂದ ಹೊರಗೆ ಹಾಕಬೇಕು. ಆ ಒದ್ದೆ ಒಣಗಿದ್ದರ ಜೊತೆ ಬೆರೆಯಲೇಬಾರದು.

ಮರದ ಪೆಲೆಟ್ ಅದನ್ನು ತಾನಾಗಿಯೇ ಮಾಡುತ್ತದೆ. ಉಚ್ಚೆ ತಾಗಿದ ಪೆಲೆಟ್ ಅರಳಿ ಹುಡಿಯಾಗುತ್ತದೆ, ತಾಗದ್ದು ಗಟ್ಟಿಯಾಗಿಯೇ ಇರುತ್ತದೆ. ಕೆಳಗೆ ಜರಡಿ ಇದ್ದರೆ ಹುಡಿ ಬಿದ್ದುಹೋಗುತ್ತದೆ, ಪೆಲೆಟ್ ಮೇಲೆ ಉಳಿಯುತ್ತದೆ. ಪೆಟ್ ಅಂಗಡಿಯ ಪೈನ್ ಪೆಲೆಟ್ ಕೆಜಿಗೆ ಎಂಬತ್ತು, ನೂರು ರೂಪಾಯಿ. ಅದೇ ಜಾತಿಯದ್ದು ಹೋಟೆಲಿನ ಒಲೆಗಳಿಗೆ, ಬಾಯ್ಲರ್‌ಗಳಿಗೆ ಉರುವಲು ಅಂತ ಬರುತ್ತದೆ, ಕೆಜಿಗೆ ಹದಿನೈದರಿಂದ ಇಪ್ಪತ್ತು. ನಾನು ತರುವುದು ಇದನ್ನೇ. ಎಲ್ಲಿಂದ ಎಂದು ಬರೆಯುವುದಿಲ್ಲ. ಸಣ್ಣ ವ್ಯಾಪಾರಿ, ನನಗೆ ಚಿಲ್ಲರೆಯಾಗಿ ಒಂದೊಂದೇ ಗೋಣಿ ಕೊಡುತ್ತಾರೆ. ಎಲ್ಲರೂ ಹೋದರೆ ಕೊಡುವುದನ್ನೇ ನಿಲ್ಲಿಸುತ್ತಾರೆ.

ಉರುವಲಿನ ಪೆಲೆಟ್ ಎಲ್ಲವೂ ಆಗುವುದಿಲ್ಲ. ಕೆಲವದರಲ್ಲಿ ಕಡಲೆಕಾಯಿ ಸಿಪ್ಪೆ, ಹೊಟ್ಟು, ಪ್ಲೈವುಡ್ಡಿನ ಹುಡಿ ಸೇರಿರುತ್ತದೆ. ಪ್ಲೈವುಡ್ ಇದ್ದರೆ ಅಂಟು ಇರುತ್ತದೆ, ಅದು ಬೇಡವೇ ಬೇಡ. ಏತರಿಂದ ಮಾಡಿದ್ದು ಎಂದು ಕೇಳಿ, ಉತ್ತರ ನೇರವಾಗಿ ಬರದಿದ್ದರೆ ತರಬೇಡಿ. ಮನೆಗೆ ಒಂದು ಹಿಡಿ ತಂದು ಗಾಜಿನ ಲೋಟದಲ್ಲಿ ಬಿಸಿನೀರಿಗೆ ಹಾಕಿ. ಶುದ್ಧ ಮರದ್ದಾದರೆ ಕೆಲವೇ ನಿಮಿಷದಲ್ಲಿ ಹತ್ತಿಯಂತೆ ಉಬ್ಬಿ ಒಂದೇ ಬಣ್ಣದ ಹುಡಿಯಾಗುತ್ತದೆ, ಹಸಿ ಮರದ ಪರಿಮಳ ಬರುತ್ತದೆ. ತಳದಲ್ಲಿ ಮರಳು ಕುಳಿತರೆ, ನೀರಿನ ಮೇಲೆ ಬಣ್ಣಬಣ್ಣದ ಚೂರು ತೇಲಿದರೆ ಬಿಟ್ಟುಬಿಡಿ. ಡೀಸೆಲ್ ವಾಸನೆ ಬಂದ ಗೋಣಿಯೂ ಒಂದಿತ್ತು. ಲಾರಿಯಲ್ಲಿ ತಾಗಿದ್ದಿರಬೇಕು. ವಾಪಸ್ ತೆಗೆದುಕೊಳ್ಳಲಿಲ್ಲ, ನಾನೂರೈವತ್ತು ರೂಪಾಯಿ ಹೋಯಿತು.

ಡಬ್ಬ ನಾನೇ ಮಾಡಿಸಿದ್ದು. ಪ್ಲಾಸ್ಟಿಕ್ ಡಬ್ಬ ಎಷ್ಟು ತೊಳೆದರೂ ಉಗುರು ಗೀರಿದ ಜಾಗದಲ್ಲಿ ನಾತ ಕುಳಿತುಬಿಡುತ್ತದೆ. ವರ್ಷಕ್ಕೊಮ್ಮೆ ಎಸೆಯಲೇಬೇಕು. ಅದಕ್ಕೇ ಸ್ಟೀಲು. ತೂಕಕ್ಕೆ ಮಾರುವ ಪಾತ್ರೆ ಅಂಗಡಿಯಲ್ಲಿ ಕೇಟರಿಂಗಿನವರ ಹಳೆಯ ದೊಡ್ಡ ಟ್ರೇಗಳು ಸಿಕ್ಕವು. ಬೆಕ್ಕಿನ ಉದ್ದದ ಒಂದೂವರೆ ಪಟ್ಟಾದರೂ ಇರಬೇಕು. ಕರಿಯ ದೊಡ್ಡ ಗಂಡು, ಅವನಿಗೆ ಎರಡೂವರೆ ಅಡಿ ಬೇಕಾಯಿತು. ವೆಲ್ಡಿಂಗ್ ಅಂಗಡಿಯಲ್ಲಿ ತೂತು ಹೊಡೆದ ಸ್ಟೀಲ್ ಶೀಟಿನ ತುಂಡು ಉಳಿದಿತ್ತು, ಐದು ಎಂಎಂ ತೂತು. ಜರಡಿಗೆ ಅದೇ ಆಯಿತು. ಪೆಲೆಟ್ ಆರರಿಂದ ಎಂಟು ಎಂಎಂ ದಪ್ಪ, ಆದ್ದರಿಂದ ಬೀಳುವುದಿಲ್ಲ, ಹುಡಿ ಬೀಳುತ್ತದೆ. ನಾನೇ ಡ್ರಿಲ್ ಹಾಕಿ ಮಾಡಿದ ಮೊದಲ ಶೀಟಿನಲ್ಲಿ ತೂತು ದೂರ ದೂರ ಇತ್ತು, ಹುಡಿ ಮೇಲೇ ನಿಲ್ಲುತ್ತಿತ್ತು. ರೆಡಿ ಶೀಟೇ ಮೇಲು. ಅಂಚನ್ನು ಉಜ್ಜಿ ನುಣುಪು ಮಾಡಿಸಿ, ಇಲ್ಲದಿದ್ದರೆ ಬೆಕ್ಕಿನ ಪಾದ ಕೊಯ್ಯುತ್ತದೆ. ಕೆಳಗಿನ ಟ್ರೇಯನ್ನು ಹೇಗೆ ಓರೆ ಮಾಡಿ ಕೂರಿಸಿದ್ದೇನೆ ಎಂಬುದು ನನ್ನ ಹತ್ತಿರವೇ ಇರಲಿ, ವೆಲ್ಡಿಂಗಿನವರು ನನ್ನಿಂದ ನೋಡಿ ಇನ್ನೂ ಕೆಲವರಿಗೆ ಮಾಡಿಕೊಟ್ಟಿದ್ದಾರಂತೆ. ಒಂದು ಡಬ್ಬಕ್ಕೆ ಎಲ್ಲ ಸೇರಿ ಸಾವಿರದ ಎಂಟುನೂರರ ಆಸುಪಾಸು ಬಿತ್ತು. ಮೂರು ಇಟ್ಟಿದ್ದೇನೆ. ಬೆಕ್ಕುಗಳಿಗಿಂತ ಒಂದು ಜಾಸ್ತಿ ಇರಬೇಕು ಎನ್ನುತ್ತಾರೆ, ನಮ್ಮಲ್ಲಿ ಜಾಗ ಇಲ್ಲ, ಜಗಳವೂ ಆಗಿಲ್ಲ.

ಬೆಕ್ಕನ್ನು ಒಪ್ಪಿಸುವುದು ನಿಧಾನದ ಕೆಲಸ. ಹಳೆಯ ಮಣ್ಣಿನ ಮೇಲೆ ಒಂದು ಹಿಡಿ ಪೆಲೆಟ್, ಆಮೇಲೆ ಎರಡು ಹಿಡಿ, ಹೀಗೆ. ಈ ಬೆರಕೆ ಸಮಯದಲ್ಲಿ ಜರಡಿ ತೆಗೆದಿಡಿ, ಮಣ್ಣು ಕಟ್ಟಿಕೊಳ್ಳುತ್ತದೆ. ಪುಟ್ಟಿ ಒಂದು ವಾರದಲ್ಲಿ ಒಪ್ಪಿದಳು. ಮಿಂಚಿ ತಿಂಗಳು ತೆಗೆದುಕೊಂಡಳು, ನಡುವೆ ಸೋಫಾದ ಮೇಲೂ ಮಾಡಿದಳು. ಸೋಫಾಕ್ಕೆ ಎನ್‌ಜೈಮ್ ಸ್ಪ್ರೇ ಒಂದೇ ದಾರಿ. ಸಾಬೂನು ನೀರಿನಲ್ಲಿ ಯೂರಿಕ್ ಆಸಿಡ್ ಹೋಗುವುದಿಲ್ಲ, ಮಳೆ ಬಂದಾಗಲೆಲ್ಲ ನಾತ ಮತ್ತೆ ಏಳುತ್ತದೆ.

ದಿನದ ಕೆಲಸ ಇಷ್ಟೇ. ಕಕ್ಕ ಕಂಡ ಕೂಡಲೇ ಎತ್ತಬೇಕು, ಬೆಳಗ್ಗೆ ಮತ್ತು ರಾತ್ರಿ ಕಡ್ಡಾಯ. ರಾತ್ರಿ ಜರಡಿ ಅಲ್ಲಾಡಿಸಿ, ಕೆಳಗಿನ ಹುಡಿಯನ್ನು ಪೇಪರಿಗೆ ಸುರಿದು ಹೊರಗೆ. ಎರಡು ನಿಮಿಷದ ಕೆಲಸ. ವಾರಕ್ಕೊಮ್ಮೆ ಟ್ರೇ ತೊಳೆಯುತ್ತೇನೆ. ಬಿಳಿ ಪೊರೆ ಕಟ್ಟಿದ್ದರೆ ನಿಂಬೆ ಉಪ್ಪು ಬಿಸಿನೀರಿಗೆ ಹಾಕಿ ಅರ್ಧ ಗಂಟೆ ಬಿಡುತ್ತೇನೆ. ಆಮೇಲೆ ಒಣಗಿಸುತ್ತೇನೆ. ಬಿಸಿಲಿದ್ದರೆ ಟೆರೇಸ್, ಇಲ್ಲದಿದ್ದರೆ ಫ್ಯಾನಿನ ಕೆಳಗೆ. ಒದ್ದೆ ಟ್ರೇಗೆ ಪೆಲೆಟ್ ಸುರಿದರೆ ಆ ವಾರದ ಶ್ರಮ ಎಲ್ಲ ವ್ಯರ್ಥ. ಕಕ್ಕ ದಿನವೂ ಎತ್ತಬೇಕು ಎನ್ನಲು ಇನ್ನೊಂದು ಕಾರಣವೂ ಇದೆ. ಅದರಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ರೋಗಾಣು ಇದ್ದರೂ ಸೋಂಕು ತರುವ ಹಂತಕ್ಕೆ ಬರಲು ಒಂದು ದಿನವಾದರೂ ಬೇಕು. ಬಸುರಿಯರು ಈ ಕೆಲಸ ಮಾಡಬಾರದು. ನಾನು ಹುಡಿಯನ್ನು ಊರಿನ ತೋಟಕ್ಕೆ ಕಳಿಸುತ್ತೇನೆ, ತೆಂಗಿನ ಬುಡದ ಗುಂಡಿಗೆ. ತರಕಾರಿ ಸಾಲಿಗೆ ಹಾಕುವುದಿಲ್ಲ.

ಪೆಲೆಟ್ ಇಡುವುದು ಮುಚ್ಚಳ ಇರುವ ನೀಲಿ ಡ್ರಮ್ಮಿನಲ್ಲಿ. ಜೂನ್‌ನಲ್ಲಿ ಗೋಣಿ ಬಾಲ್ಕನಿಯಲ್ಲಿ ಇದ್ದರೆ ಒಂದೆರಡು ವಾರದಲ್ಲಿ ತಾನಾಗಿಯೇ ಅರಳಿ ಅರ್ಧ ಹುಡಿಯಾಗುತ್ತದೆ.

ಇಷ್ಟರಲ್ಲೇ ಮುಕ್ಕಾಲು ಭಾಗ ನಾತ ಹೋಗಿತ್ತು. ಉಳಿದ ಕಾಲು ಭಾಗಕ್ಕೆ ಫ್ಯಾನು. ಇದನ್ನು ಮಾಡುವಾಗ ತುಂಬ ಖುಷಿ ಸಿಕ್ಕಿತು, ಸ್ವಲ್ಪ ವಿವರ ಹೇಳುತ್ತೇನೆ. ಪ್ಯಾಸೇಜಿನ ಎರಡು ಡಬ್ಬಗಳನ್ನು ಒಂದು ಹಳೆಯ ಶೂ ಕಪಾಟಿನೊಳಗೆ ಇಟ್ಟು, ಹಿಂದೆ ಕಂಪ್ಯೂಟರಿನ 120 ಎಂಎಂ ಫ್ಯಾನು ಕೂರಿಸಿದೆ, ಹನ್ನೆರಡು ವೋಲ್ಟಿನದು. ಮೊದಲು ಎರಡಿಂಚಿನ ಪಿವಿಸಿ ಪೈಪು ಹಾಕಿದೆ. ಫ್ಯಾನು ತಿರುಗುತ್ತದೆ, ಗಾಳಿ ಹೋಗುವುದೇ ಇಲ್ಲ. ಈ ಫ್ಯಾನುಗಳಿಗೆ ಒತ್ತಡ ಕಡಿಮೆ, ಸಣ್ಣ ಪೈಪಿನಲ್ಲಿ ತಳ್ಳಲಾರವು. 110 ಎಂಎಂ ಪೈಪು ಹಾಕಿ, ಬೆಂಡು ಒಂದೇ ಇಟ್ಟು, ಉದ್ದ ಮೂರಡಿಗೆ ಇಳಿಸಿದ ಮೇಲೆ ಊದುಬತ್ತಿಯ ಹೊಗೆ ಸರಾಗವಾಗಿ ಒಳಗೆ ಎಳೆಯಿತು. ಹೊಗೆ ಹಿಡಿದು ಪರೀಕ್ಷೆ ಮಾಡಿ, ಕೈಗೆ ಗೊತ್ತಾಗುವುದಿಲ್ಲ.

ಆಮೇಲೆ ಮಳೆ ಬಂತು. ಪೈಪಿನ ಬಾಯಿ ಪಡುವಣಕ್ಕೆ ಇತ್ತು. ಕಡಲಿನ ಗಾಳಿ ಎಲ್ಲವನ್ನೂ ಮನೆಯೊಳಗೇ ವಾಪಸ್ ತಳ್ಳಿತು. ಬಾಯಿಯನ್ನು ಮೂಡಣ ಗೋಡೆಗೆ ತಿರುಗಿಸಿ, ಕೆಳಮುಖವಾಗಿ ಬೆಂಡು ಹಾಕಿ, ಸೊಳ್ಳೆ ಜಾಲರಿ ಕಟ್ಟಿದೆ. ಅಲ್ಲಿಂದ ಸರಿಯಾಯಿತು. ಉಪ್ಪುಗಾಳಿಗೆ ಫ್ಯಾನು ಒಂದು ಮಳೆಗಾಲ ಬರುತ್ತದೆ, ಮುನ್ನೂರು ರೂಪಾಯಿ ಕೊಟ್ಟು ಹೊಸದು ಹಾಕುತ್ತೇನೆ. ಕರೆಂಟು ಎರಡೂವರೆ ವಾಟಿನಷ್ಟು. ಇಡೀ ತಿಂಗಳು ಓಡಿದರೂ ಎರಡು ಯೂನಿಟ್ ಆಗುವುದಿಲ್ಲ.

ನಡುವೆ ಬೇರೆ ಪ್ರಯೋಗಗಳೂ ಆದವು. ತೆಂಗಿನ ನಾರಿನ ಹುಡಿ ನೀರು ಚೆನ್ನಾಗಿ ಹೀರುತ್ತದೆ, ಆದರೆ ಬೆಕ್ಕಿನ ಕಾಲಿಗೆ ಅಂಟಿ ಹಾಸಿಗೆವರೆಗೆ ಬರುತ್ತದೆ. ಭತ್ತದ ಹೊಟ್ಟು ಹೀರುವುದೇ ಇಲ್ಲ, ಉಚ್ಚೆ ಸೀದಾ ತಳಕ್ಕೆ. ಕಿತ್ತಳೆ ಸಿಪ್ಪೆ, ಬೆಲ್ಲ ಹಾಕಿ ಮೂರು ತಿಂಗಳು ಕೊಳೆಸಿದ ಬಯೋ ಎನ್‌ಜೈಮ್ ನೆಲ ಒರೆಸಲು ಚೆನ್ನಾಗಿದೆ. ಡಬ್ಬಕ್ಕೆ ಚಿಮುಕಿಸಿದರೆ ಬೆಕ್ಕು ಒಳಗೆ ಕಾಲಿಡುವುದಿಲ್ಲ, ಕಿತ್ತಳೆ ವಾಸನೆ ಅವಕ್ಕೆ ಆಗದು.

ಊಟದ್ದು ದೊಡ್ಡ ವಿಷಯ. ನಮ್ಮವು ಬೂತಾಯಿ, ಬಂಗುಡೆಯ ಮೇಲೆ ಬೆಳೆದವು. ದಿನವೂ ಮೀನೇ ಇದ್ದಾಗ ಕಕ್ಕದ ನಾತ ಬೇರೆಯೇ. ವಾರಕ್ಕೆ ಎರಡು ದಿನಕ್ಕೆ ಇಳಿಸಿ, ಉಳಿದ ದಿನ ಬೇಯಿಸಿದ ಕೋಳಿ ಮತ್ತು ಒಣ ಫುಡ್ ಕೊಟ್ಟೆ. ಎರಡು ವಾರದಲ್ಲಿ ವ್ಯತ್ಯಾಸ ಗೊತ್ತಾಯಿತು. ಕರಿಯನಿಗೆ ಆಪರೇಷನ್ ಮಾಡಿಸಿದ್ದೂ ಲೆಕ್ಕಕ್ಕೆ ಬಂತು. ಬೀಜ ಇರುವ ಗಂಡಿನ ಉಚ್ಚೆಯಲ್ಲಿ ಫೆಲಿನೀನ್ ಎಂಬುದು ಜಾಸ್ತಿ, ಅದು ಒಡೆದಾಗ ಗಂಧಕದ ಘಾಟು ಬರುತ್ತದೆ. ಅಂಥ ಗಂಡು ಮನೆಯಲ್ಲಿದ್ದರೆ ಯಾವ ಲಿಟರ್ ತಂದರೂ ಪ್ರಯೋಜನವಿಲ್ಲ, ಮೊದಲು ಡಾಕ್ಟರ ಹತ್ತಿರ ಹೋಗಿ.

ಖರ್ಚಿನ ಲೆಕ್ಕ ಹೇಳಿಬಿಡುತ್ತೇನೆ. ಮೊದಲು ಮಳೆಗಾಲದಲ್ಲಿ ತಿಂಗಳಿಗೆ ಸಾವಿರದ ಏಳುನೂರು, ಎಂಟುನೂರು ಹೋಗುತ್ತಿತ್ತು. ಈಗ ಇಪ್ಪತ್ತೈದು ಕೆಜಿ ಗೋಣಿ ಐದು ವಾರದ ಹತ್ತಿರ ಬರುತ್ತದೆ, ಆಟೋ ಬಾಡಿಗೆ ಸೇರಿ ಐನೂರೈವತ್ತು. ಡಬ್ಬ, ಕಪಾಟು, ಫ್ಯಾನಿಗೆ ಹಾಕಿದ ಏಳು ಸಾವಿರ ಚಿಲ್ಲರೆ ವರ್ಷದೊಳಗೆ ವಾಪಸ್ ಬಂತು.

ಪೆಲೆಟ್‌ನಿಂದ ಸಿಕ್ಕ ಇನ್ನೊಂದು ಲಾಭ, ಯಾವ ಬೆಕ್ಕು ಎಷ್ಟು ಉಚ್ಚೆ ಮಾಡುತ್ತದೆ ಎಂಬುದು ಹುಡಿಯ ರಾಶಿ ನೋಡಿದರೆ ತಿಳಿಯುತ್ತದೆ. ರಾಶಿ ಏಕಾಏಕಿ ದೊಡ್ಡದಾದರೆ ಕಿಡ್ನಿ, ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಿ. ಗಂಡು ಬೆಕ್ಕು ಡಬ್ಬದಲ್ಲಿ ಕುಳಿತು ತಿಣುಕಿ, ಕೆಳಗೆ ಹುಡಿಯೇ ಬೀಳದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ ಕರೆದುಕೊಂಡು ಹೋಗಿ. ಮಿಂಚಿಗೆ ಈಗ ವಯಸ್ಸಾಗಿದೆ, ಪೆಲೆಟ್ ಮೇಲೆ ನಿಲ್ಲಲು ಪಾದ ನೋಯುತ್ತದೆ. ಅವಳ ಡಬ್ಬದ ಒಂದು ಕಡೆ ಅಂಚನ್ನು ನಾಲ್ಕಿಂಚಿಗೆ ಕತ್ತರಿಸಿ, ಆ ಬದಿಗೆ ಅರಳಿದ ಹುಡಿಯನ್ನೇ ತೆಳುವಾಗಿ ಹರಡಿದ್ದೇನೆ. ದಿನಕ್ಕೆರಡು ಸಲ ಬದಲಿಸಬೇಕು, ಬದಲಿಸುತ್ತೇನೆ.