ದುಪ್ಪಟ್ಟು ಅಟ್ರೋಪಿನ್: ನನ್ನ ಅನುಭವ

ಮುಂಗಾರು ಶುರುವಾದರೆ ಸಾಕು, ನಮ್ಮ ಐಸಿಯುಗೆ "ಎಣ್ಣಿ ಕುಡಿದಾನ್ರಿ" ಅಂತ ಕರೆತರುವವರು ಜಾಸ್ತಿ. ಹತ್ತಿ, ಮೆಣಸಿನಕಾಯಿ ಬೆಳೆಯುವ ಸೀಮೆ, ಎಣ್ಣಿ ಅಂದರೆ ಇಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕ, ಮನೆಮನೆಯಲ್ಲೂ ಅದರ ಡಬ್ಬಿ ಇರುತ್ತದೆ. ವಾರಕ್ಕೆ ನಾಲ್ಕು ಕೇಸು ಬಂದರೆ ಎರಡಾದರೂ ಓಪಿ, ಅಂದರೆ ಆರ್ಗನೋಫಾಸ್ಫರಸ್ ಕೀಟನಾಶಕ. ಉಳಿದದ್ದು ಇಲಿ ಪೇಸ್ಟು, ಕಳೆನಾಶಕ, ಮಾತ್ರೆ.

ಓಪಿಗೆ ಪ್ರತಿವಿಷ ಅಟ್ರೋಪಿನ್, ಎದೆಯ ನೀರು ಒಣಗಿಸುತ್ತದೆ, ನಾಡಿ ಏರಿಸುತ್ತದೆ. ಮೊದಲು ಅದನ್ನು ಎರಡು ಆಂಪೂಲ್ ಕೊಟ್ಟು, ಹತ್ತು ನಿಮಿಷ ಬಿಟ್ಟು ಮತ್ತೆ ಎರಡು ಕೊಡುತ್ತಿದ್ದೆವು. ಅಷ್ಟರಲ್ಲಿ ಇನ್ನೊಂದು ಕೇಸು ಬಂದರೆ ಹತ್ತು ನಿಮಿಷ ನಲವತ್ತಾಗುತ್ತಿತ್ತು. ಒಬ್ಬ ಹುಡುಗನದು ಈಗಲೂ ಕಾಡುತ್ತದೆ. ನಾಡಿ 130 ಇದೆ ಅಂತ ಹೆದರಿ ಅಟ್ರೋಪಿನ್ ನಿಲ್ಲಿಸಿದೆ. ಎದೆ ಗೊರಗೊರ ಅನ್ನುತ್ತಲೇ ಇತ್ತು. ಆಕ್ಸಿಜನ್ ಸಾಲದೆ ಓಡುತ್ತಿದ್ದ ನಾಡಿ ಅದು. ಬೆಳಗಿನ ಜಾವ ಹೋದ.

ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿ ಮಾಡಿದ ಟ್ರಯಲ್ 2012ರಲ್ಲೇ ಬಂದಿತ್ತು. ಡೋಸ್ ದುಪ್ಪಟ್ಟು ಮಾಡುತ್ತಾ ಹೋಗಿ ಆಮೇಲೆ ಇನ್‌ಫ್ಯೂಷನ್ (ನಿಧಾನವಾಗಿ ಹೋಗುತ್ತಲೇ ಇರುವ ಡ್ರಿಪ್) ಹಾಕಿದವರಲ್ಲಿ ಸಾವು ಶೇ. 8, ಹಳೇ ಪದ್ಧತಿಯಲ್ಲಿ ಶೇ. 22.5. ನಾನು ಓದಿದ್ದು ತಡವಾಗಿ. ಹಿರಿಯರೊಬ್ಬರಿಗೆ ಹೇಳಿದರೆ, "ಪೇಷೆಂಟಿಗೆ ಹುಚ್ಚ ಹಿಡಸ್ತೀಯೇನೋ?" ಅಂತ ನಕ್ಕರು.

ಆದರೂ ಗಡಿಯಾರದ ಕೆಳಗೆ ಚಾರ್ಟ್ ಅಂಟಿಸಿದೆ. ಐದೈದು ನಿಮಿಷಕ್ಕೆ 3, 6, 12, 24 ಆಂಪೂಲ್. ದುಪ್ಪಟ್ಟು ಮಾಡುವುದು ನಿಲ್ಲಿಸಬೇಕಾದರೆ ಎದೆ, ಕಂಕುಳು ಒಣಗಬೇಕು, ನಾಡಿ, ಬಿಪಿ ಎರಡೂ 80 ದಾಟಬೇಕು. ಮೊದಲ ಕೇಸಿಗೇ 45 ಆಂಪೂಲ್ ಬೇಕಾಯಿತು, ಒಂದಕ್ಕೆ 0.6ರಂತೆ 27 ಮಿಗ್ರಾಂ. ಫಾರ್ಮಸಿಯವನು "4.5 ಇರಬೇಕು ನೋಡ್ರಿ ಸರ್" ಅಂದ. ಟ್ರೇ ತುಂಬಾ ಒಡೆದ ಗಾಜಿನ ತಲೆಗಳು, ಸಿಸ್ಟರ್ ಬೆರಳಿಗೆ ಪ್ಲಾಸ್ಟರ್. ಇಪ್ಪತ್ತೇ ನಿಮಿಷದಲ್ಲಿ ಎದೆ ಕ್ಲಿಯರ್! ಆಂಪೂಲಿಗೆ ಐದಾರು ರೂಪಾಯಿ, ಎಲ್ಲ ಸೇರಿ ಮುನ್ನೂರೂ ಆಗಲಿಲ್ಲ. ಖಾಸಗಿಯಲ್ಲಿ ವೆಂಟಿಲೇಟರಿನ ಒಂದು ದಿನಕ್ಕೆ ಎಷ್ಟು ಅಂತ ನಿಮಗೇ ಗೊತ್ತಲ್ವಾ? ಓಪಿಗೆ ಕೊಡುವ ಇನ್ನೊಂದು ಪ್ರತಿವಿಷ ಪ್ಯಾಮ್‌ಗಾಗಿ (ಪ್ರಾಲಿಡಾಕ್ಸಿಮ್) ಮನೆಯವರಿಂದ ಸಾಲ ಮಾಡಿಸುವುದನ್ನೂ ಬಿಟ್ಟೆ. ಬೈಯುವವರು ಬೈಯಲಿ.

ಎಡವಟ್ಟೂ ಆಗಿದೆ. ಒಂದು ರಾತ್ರಿ ಇನ್‌ಫ್ಯೂಷನ್ ವೇಗ ಇಳಿಸಲು ಮರೆತೆವು, ಅಟ್ರೋಪಿನ್ ಜಾಸ್ತಿಯಾಯಿತು. ಪೇಷೆಂಟ್ ಗಾಳಿಯಲ್ಲಿ ಏನೋ ಆರಿಸುತ್ತಾ, ಕ್ಯಾಥೆಟರ್ ಕಿತ್ತು ಮಂಚದಿಂದ ಇಳಿದುಬಿಟ್ಟ. ಮೈ ಬಿಸಿ, ಹೊಟ್ಟೆ ಮೇಲೆ ಸ್ಟೆತ್ ಇಟ್ಟರೆ ಸದ್ದೇ ಇಲ್ಲ. ಒಂದು ತಾಸು ನಿಲ್ಲಿಸಿ, ಐದರಲ್ಲಿ ಒಂದು ಪಾಲು ಇಳಿಸಿ ಮತ್ತೆ ಹಾಕಿದೆವು. ಈಗ ಇಂಥದ್ದು ಆಗುವುದಿಲ್ಲ, ನಮ್ಮ ಸಿಸ್ಟರ್ ಒಬ್ಬರ ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ, ಬಂದು ನೋಡಿ.

ಸುಮ್ನೆ ಶುರು ಮಾಡಿದ್ದು ಇನ್ನೊಂದು. ಒಂದೇ ಉಸಿರಿನಲ್ಲಿ ಎಷ್ಟು ಎಣಿಸುತ್ತಾರೆ ಅಂತ ಪಾಳಿಗೊಮ್ಮೆ ಬರೆದಿಡುವುದು. ಚೆನ್ನಾಗಿದ್ದಾರೆ ಅಂತ ವಾರ್ಡಿಗೆ ಕಳಿಸಿದವರು ಎರಡು-ಮೂರು ದಿನದಲ್ಲಿ ಉಸಿರು ಸೋತು ಬೀಳುತ್ತಿದ್ದರಲ್ಲ, ಅದಕ್ಕೆ. ರೈತರೊಬ್ಬರು ಮೊದಲ ದಿನ 22ರವರೆಗೆ ಹೋದವರು ಮೂರನೇ ಬೆಳಿಗ್ಗೆ 9ಕ್ಕೇ ನಿಂತರು. ದಿಂಬಿನಿಂದ ತಲೆ ಎತ್ತಲಾಗಲಿಲ್ಲ. ಗಾಬರಿಯಿಲ್ಲದೆ, ಹಗಲಲ್ಲೇ ಉಸಿರಾಟಕ್ಕೆ ಟ್ಯೂಬ್ ಹಾಕಿದೆವು. ಹನ್ನೊಂದನೇ ದಿನವೋ ಏನೋ, ಟ್ಯೂಬ್ ತೆಗೆದೆವು. ದನಿ ಇನ್ನೂ ಒಡೆದಿತ್ತು. ನಾವು ಕೇಳುವ ಮೊದಲೇ ಒಂದು, ಎರಡು ಅಂತ ಶುರು ಮಾಡಿದರು.