ಏಳು ಕಲ್ಲು, ನಾಲ್ಕು ಕನ್ಸೋಲ್: ಲಗೋರಿಯನ್ನು ಆನ್‌ಲೈನ್ ಆಡಿಸಿದ ಬಗೆ

“ಲಗೋರಿ ಆನ್‌ಲೈನ್‌ಗೆ ಒಗ್ಗುವ ಆಟ ಅಲ್ಲ ಸ್ವಾಮಿ. ಕಲ್ಲು ಚೆದುರೋದು ಎರಡು ಕನ್ಸೋಲ್‌ನಲ್ಲಿ ಒಂದೇ ಥರ ಬರಲ್ಲ. ಸುಮ್ಮನೆ ಸರ್ವರ್ ಬಾಡಿಗೆಗೆ ತಗೊಳ್ಳಿ.” ಬೆಂಗಳೂರಿನಲ್ಲಿ ಆಟ ತಯಾರಿಸುವ ಮೂರ್ನಾಲ್ಕು ಜನ ಹೇಳಿದ್ದು ಇದನ್ನೇ. ಈಗ ಹಾಸನ, ಚಿಕ್ಕಮಗಳೂರು, ಸಕಲೇಶಪುರ, ಮೂಡಿಗೆರೆ ಈ ನಾಲ್ಕು ಊರಿನ ನಾಲ್ಕು ಎಕ್ಸ್‌ಬಾಕ್ಸ್‌ಗಳ ನಡುವೆ ಆಟ ನಡೆಸುವ ಸರ್ವರ್ ಇಲ್ಲದೆಯೇ ಪಂದ್ಯ ನಡೆಯುತ್ತಿದೆ. ಕಳೆದ ನೂರಿಪ್ಪತ್ತು ಪಂದ್ಯಗಳಲ್ಲಿ ಒಂದೂ ಡೀಸಿಂಕ್ ಇಲ್ಲ, ಅಂದರೆ ಒಂದು ಕನ್ಸೋಲ್‌ನ ಆಟ ಇನ್ನೊಂದರದ್ದಕ್ಕಿಂತ ಬೇರೆಯಾಗಿಲ್ಲ. ಬಳಸಿದ್ದು ರೋಲ್‌ಬ್ಯಾಕ್: ಎದುರಾಳಿ ಏನು ಒತ್ತುತ್ತಾನೆ ಅಂತ ಊಹಿಸಿ ಆಟ ಮುಂದುವರಿಸುವುದು, ಊಹೆ ತಪ್ಪಿದರೆ ಹಳೆಯ ಫ್ರೇಮ್‌ಗೆ (ಒಂದು ಫ್ರೇಮ್ ಅಂದರೆ ಸೆಕೆಂಡಿನ ಅರವತ್ತರಲ್ಲೊಂದು ಪಾಲು) ಹಿಂದೆ ಹೋಗಿ ಮತ್ತೆ ಲೆಕ್ಕ ಹಾಕುವುದು. ಅದಕ್ಕಿಂತ ಹೆಚ್ಚು ಇಲ್ಲಿ ವಿವರಿಸಲ್ಲ. ಇದಕ್ಕೆಂದೇ ಇರುವ ಜಿಜಿಪಿಓ ಲೈಬ್ರರಿಯ ಕೋಡ್ 2019ರಿಂದ ಎಲ್ಲರಿಗೂ ತೆರೆದಿದೆ. ಅದನ್ನು ಒಮ್ಮೆಯಾದರೂ ಓದಿದವರಿಗೆ ಮುಂದಿನ ಮಾತು.

ಆಟ ಇಷ್ಟೇ: ಎರಡೆರಡು ಜನರ ಎರಡು ತಂಡ, ಮೇಲಿನಿಂದ ಕಾಣುವ ಅಂಗಳ, ಒಂದು ಚೆಂಡು, ಏಳು ಕಲ್ಲು. ಪಂದ್ಯ ಸುಮಾರು ಆರು ನಿಮಿಷ. ಡೌನ್‌ಲೋಡ್ 180 ಎಂಬಿ ಒಳಗೆ. ಮೂಡಿಗೆರೆ ಕಡೆ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇಳಿಸಿಕೊಳ್ಳುವವರಿಗೆ ಅದಕ್ಕಿಂತ ದೊಡ್ಡದು ಕೊಟ್ಟರೆ ಅರ್ಧಕ್ಕೇ ಬಿಟ್ಟುಬಿಡುತ್ತಾರೆ. ಬರೆದದ್ದು ಸಿ ಶಾರ್ಪ್ ಭಾಷೆಯಲ್ಲಿ, ಆಟ ಕಟ್ಟುವ ಮೋನೋಗೇಮ್ ಚೌಕಟ್ಟಿನಲ್ಲಿ. ಪರೀಕ್ಷೆ ಎಲ್ಲಾ ಎಕ್ಸ್‌ಬಾಕ್ಸ್‌ನಲ್ಲಿ ನಾವೇ ಬರೆದದ್ದನ್ನು ಓಡಿಸಲು ಬಿಡುವ ಡೆವಲಪರ್ ಮೋಡ್‌ನಲ್ಲಿ. ಎಕ್ಸ್‌ಬಾಕ್ಸ್‌ನ ಆನ್‌ಲೈನ್ ಅಂಗಡಿಗೆ ಹಾಕುವ ವ್ಯವಹಾರ ಒಪ್ಪಂದದ ಒಳಗಿನದು, ಅದನ್ನು ಬರೆಯುವಂತಿಲ್ಲ.

ಡೆವಲಪರ್ ಮೋಡ್‌ನಲ್ಲಿ ಎಲ್ಲರೂ ಬೀಳುವ ಗುಂಡಿ ಒಂದಿದೆ. ಹೊಸದಾಗಿ ಹಾಕಿದ ಪ್ಯಾಕೇಜ್ ‘ಆ್ಯಪ್’ ಅಂತಲೇ ದಾಖಲಾಗುತ್ತೆ, 1 ಜಿಬಿ ಮೆಮೊರಿಯಷ್ಟೇ ಸಿಗುತ್ತೆ. ಆ ಮೋಡ್‌ನ ಮುಖ್ಯ ಪರದೆ ಡೆವ್ ಹೋಮ್‌ಗೆ ಹೋಗಿ ಅದನ್ನು ‘ಗೇಮ್’ ಅಂತ ಬದಲಿಸಿದರೆ 5 ಜಿಬಿ, ಅದರ ಜೊತೆಗೆ ಪ್ರೊಸೆಸರ್‌ನ ನಾಲ್ಕು ಪ್ರತ್ಯೇಕ ಕೋರ್. ಇದು ಗೊತ್ತಿಲ್ಲದೆ ಎರಡು ವಾರ ‘ಆಟ ನಿಧಾನ’ ಅಂತ ಕೋಡ್ ಕೆದಕಿದ್ದು ದಂಡವಾಯ್ತು.

ರೋಲ್‌ಬ್ಯಾಕ್‌ಗೆ ಮುಂಚೆ ಎರಡು ಸೋಲು. ಮೊದಲನೆಯದು ಲಾಕ್‌ಸ್ಟೆಪ್. ನಾಲ್ವರೂ ಕಂಟ್ರೋಲರ್‌ನಲ್ಲಿ ಯಾವ ಗುಂಡಿ ಒತ್ತಿದರು ಅನ್ನುವುದು ಬರುವವರೆಗೆ ಫ್ರೇಮ್ ಮುಂದೆ ಹೋಗಲ್ಲ, ಹಾಗಾಗಿ ನಾಲ್ವರಲ್ಲಿ ಯಾರ ನೆಟ್ ಕೆಟ್ಟದಾಗಿದೆಯೋ ಅವರದೇ ಎಲ್ಲರ ವೇಗ. ಆರು ಫ್ರೇಮ್, ಅಂದರೆ 100 ಮಿಲಿಸೆಕೆಂಡ್ ತಡ ಇಟ್ಟರೂ ಮೂಡಿಗೆರೆಯ ಹಾಟ್‌ಸ್ಪಾಟ್ ಒಮ್ಮೆ 40, ಒಮ್ಮೆ 180 ತೋರಿಸಿ ಆಟವನ್ನು ಜಗ್ಗಿ ಜಗ್ಗಿ ಓಡಿಸಿತು. ಎರಡನೆಯದು ಸರ್ವರ್ ಇಟ್ಟು, ಎದುರಾಳಿಯನ್ನು ಸ್ವಲ್ಪ ಹಳೆಯ ಜಾಗದಲ್ಲಿ ತೋರಿಸುವ ವಿಧಾನ. ಓಡುವ, ಗುಂಡು ಹಾರಿಸುವ ಆಟಗಳಿಗೆ ಅದು ಸಾಕು. ಲಗೋರಿಯಲ್ಲಿ ಚೆಂಡು ತಾಗಿತೋ ಇಲ್ಲವೋ ಅನ್ನುವುದೇ ಆಟ. “ನನಗೆ ತಾಗಲೇ ಇಲ್ಲ” ಅನ್ನುವ ಜಗಳ ಅಂಗಳದಲ್ಲಿದ್ದಷ್ಟೇ ಜೋರಾಗಿ ಹೆಡ್‌ಸೆಟ್‌ನಲ್ಲೂ ನಡೆಯಿತು. ಈ ಎರಡರಲ್ಲಿ ಹೋದದ್ದು ಐದು ತಿಂಗಳು, ಸರ್ವರ್ ಬಾಡಿಗೆ ಸುಮಾರು ಒಂಬತ್ತು ಸಾವಿರ ರೂಪಾಯಿ.

ರೋಲ್‌ಬ್ಯಾಕ್ ಹಾಕಿದ ಮೇಲೆ ಅಸಲಿ ಕಾಟ ಶುರುವಾದದ್ದು ಕಲ್ಲಿನಿಂದ. ಮೊದಲು ವಸ್ತುಗಳ ಚಲನೆ, ಡಿಕ್ಕಿಯ ಲೆಕ್ಕ ಹಾಕುವ ಬಾಕ್ಸ್2ಡಿ ವಂಶದ ಫಿಸಿಕ್ಸ್ ಲೈಬ್ರರಿ ಬಳಸಿದ್ದೆ. ಸ್ಥಾನ, ವೇಗ, ಕೋನ ಎಲ್ಲವನ್ನೂ ಉಳಿಸಿ ಹಿಂದಕ್ಕೆ ಹಾಕಿದರೂ ಎರಡು ಕನ್ಸೋಲ್‌ಗಳ ಕಲ್ಲು ಹತ್ತು ಸೆಕೆಂಡಿನಲ್ಲಿ ಬೇರೆ ಬೇರೆ ಕಡೆ. ಕಾರಣ, ಇಂಥ ಲೈಬ್ರರಿ ಹಿಂದಿನ ಫ್ರೇಮಿನಲ್ಲಿ ಎರಡು ವಸ್ತು ಒಂದನ್ನೊಂದು ಎಷ್ಟು ತಳ್ಳಿದವು ಅನ್ನುವ ಲೆಕ್ಕವನ್ನು ಒಳಗೇ ಇಟ್ಟುಕೊಂಡು ಮುಂದಿನ ಫ್ರೇಮನ್ನು ಅದರಿಂದಲೇ ಆರಂಭಿಸುತ್ತೆ. ಆ ಲೆಕ್ಕ ನನ್ನ ಸ್ನ್ಯಾಪ್‌ಶಾಟ್‌ನಲ್ಲಿ (ಹಿಂದೆ ಹೋಗಲು ಉಳಿಸಿಟ್ಟ ಆಟದ ಸ್ಥಿತಿಯಲ್ಲಿ) ಇರಲೇ ಇಲ್ಲ. ಹಿಂದೆ ಹೋಗಿ ಮತ್ತೆ ಬಂದ ಕನ್ಸೋಲ್ ಒಂದು ಉತ್ತರ ಕೊಡುತ್ತೆ, ಹಿಂದೆ ಹೋಗದ ಕನ್ಸೋಲ್ ಇನ್ನೊಂದು. ಅದನ್ನೂ ಹೊರತೆಗೆದು ಉಳಿಸಬಹುದು ಅಂತ ಒಂದು ತಿಂಗಳು ಗುದ್ದಾಡಿ, ಕೊನೆಗೆ ಲೈಬ್ರರಿಯನ್ನೇ ಕಿತ್ತೆಸೆದೆ.

ಲಗೋರಿಗೆ ಅಷ್ಟು ಫಿಸಿಕ್ಸ್ ಬೇಕಾಗಿಯೇ ಇರಲಿಲ್ಲ. ಪೇರಿಸಿದ ಕಲ್ಲು ಆಟದ ಲೆಕ್ಕದಲ್ಲಿ ಸೊನ್ನೆಯಿಂದ ಏಳರವರೆಗಿನ ಒಂದು ಸಂಖ್ಯೆ. ಅದು ಅಲುಗಾಡುವುದು, ವಾಲುವುದು ಬರೀ ಚಿತ್ರ. ಚೆಂಡು ಬಡಿದಾಗ ಎಷ್ಟು ಕಲ್ಲು ಬೀಳಬೇಕು, ಯಾವ ಕಡೆಗೆ ಅನ್ನುವುದನ್ನು ಬಡಿದ ಕೋನ ಮತ್ತು ವೇಗದಿಂದ ಒಂದು ಕೋಷ್ಟಕ ಹೇಳುತ್ತೆ. ಬಿದ್ದ ಕಲ್ಲು ಅಂಗಳದಲ್ಲಿ ಜಾರುವುದಷ್ಟೇ ಫಿಸಿಕ್ಸ್. ಎಲ್ಲವೂ ಪೂರ್ಣಾಂಕ: ಒಂದು ಪಿಕ್ಸೆಲ್‌ಗೆ 256 ಪಾಲು, ಪೂರ್ತಿ ಸುತ್ತಿಗೆ 256 ಕೋನ, ಸೈನ್ ಬೆಲೆಗಳು ಮೊದಲೇ ಬರೆದಿಟ್ಟ ಕೋಷ್ಟಕ. ಎರಡು 32 ಬಿಟ್ ಸಂಖ್ಯೆ ಗುಣಿಸುವ ಕಡೆ 64 ಬಿಟ್ ಇಡದಿದ್ದರೆ ಅಂಗಳದ ಮೂಲೆಯಲ್ಲಿ ದೂರದ ಲೆಕ್ಕ ಉಕ್ಕಿ ಹರಿದು ಕಲ್ಲು ಮಾಯವಾಗುತ್ತೆ.

ಪೂರ್ಣಾಂಕ ಬಳಸಿದರೆ ಎಲ್ಲ ಸರಿಯಾಯ್ತು ಅಂದುಕೊಳ್ಳಬೇಡಿ. ಜಾರುವ ಕಲ್ಲಿನ ವೇಗ ಇಳಿಸಲು ಪ್ರತಿ ಫ್ರೇಮ್‌ಗೆ 250ರಿಂದ ಗುಣಿಸಿ, 256ರಿಂದ ಭಾಗಿಸುವ ಅಡ್ಡದಾರಿಯಾಗಿ ಎಂಟು ಬಿಟ್ ಬಲಕ್ಕೆ ಸರಿಸುತ್ತಿದ್ದೆ. ಬಲಕ್ಕೆ ಹೋಗುವ ಕಲ್ಲು ನಿಲ್ಲುತ್ತಿತ್ತು. ಎಡಕ್ಕೆ ಹೋಗುವ ಕಲ್ಲು ಸೆಕೆಂಡಿಗೆ ಹತ್ತು ಪಿಕ್ಸೆಲ್‌ನಂತೆ ತೆವಳುತ್ತಾ ಗೋಡೆ ಮುಟ್ಟುವವರೆಗೂ ನಿಲ್ಲುತ್ತಲೇ ಇರಲಿಲ್ಲ. ಬಿಟ್ ಸರಿಸಿದರೆ ಋಣ ಸಂಖ್ಯೆಯ ಭಿನ್ನರಾಶಿ ಸೊನ್ನೆಯ ಕಡೆಗಲ್ಲ, ಕೆಳಗಿನ ಪೂರ್ಣಾಂಕಕ್ಕೆ ಇಳಿಯುತ್ತೆ: −42 ಅನ್ನು 250ರಿಂದ ಗುಣಿಸಿದರೆ −10500, ಅದನ್ನು ಸರಿಸಿದರೆ ಮತ್ತೆ −42. ಅಲ್ಲೇ ಸಿಕ್ಕಿಕೊಂಡಿತು. ಸರಿಸುವ ಬದಲು 256ರಿಂದ ಭಾಗಿಸಿದರೆ ಸೊನ್ನೆಯ ಕಡೆಗೆ ಕತ್ತರಿಸುತ್ತೆ, ಎರಡೂ ದಿಕ್ಕು ಸಮ. ಎರಡೂ ಕನ್ಸೋಲ್‌ನಲ್ಲಿ ತಪ್ಪು ಒಂದೇ ಥರ ಇದ್ದುದರಿಂದ ಚೆಕ್‌ಸಮ್ (ಆಟದ ಸ್ಥಿತಿ ಒಂದೇ ಇದೆಯೇ ಅಂತ ಹೋಲಿಸಲು ತೆಗೆಯುವ ಒಂದು ಸಂಖ್ಯೆ) ಇದನ್ನು ಹಿಡಿಯಲೇ ಇಲ್ಲ. ಕಣ್ಣಿಗೆ ಬಿದ್ದ ಮೇಲೆ ಗೊತ್ತಾದದ್ದು.

ಚೆಕ್‌ಸಮ್ ಹಿಡಿದ ತಪ್ಪುಗಳೂ ಸಾಕಷ್ಟಿವೆ. ಪ್ರತಿ ಕನ್ಸೋಲ್ ತನ್ನ ಆಟಗಾರನನ್ನೇ ಪಟ್ಟಿಯ ಮೊದಲಿಗೆ ಇಡುತ್ತಿತ್ತು, ಇಬ್ಬರು ಒಂದೇ ಕಲ್ಲಿಗೆ ಕೈ ಹಾಕಿದಾಗ ಇಬ್ಬರ ಟಿವಿಯಲ್ಲೂ ಅವರವರೇ ಗೆದ್ದರು. ಧೂಳಿನ ಎಫೆಕ್ಟ್ ಆಟದ ರ‍್ಯಾಂಡಮ್‌ನಿಂದಲೇ ಸಂಖ್ಯೆ ಕದಿಯುತ್ತಿತ್ತು; ಈಗ ಚಿತ್ರಕ್ಕೆ ಒಂದು, ಆಟಕ್ಕೆ ಒಂದು, ಆಟದ್ದರ ಬೀಜ (ಮುಂದೆ ಯಾವ ಸಂಖ್ಯೆಗಳು ಬರುತ್ತವೆ ಅನ್ನುವುದನ್ನು ನಿರ್ಧರಿಸುವ ಅಂಕಿ) ಸ್ನ್ಯಾಪ್‌ಶಾಟ್‌ನ ಒಳಗೆ. ಆಟದ ಲೆಕ್ಕದಲ್ಲಿ ಡಿಕ್ಷನರಿಯ (ಕ್ರಮದ ಖಾತ್ರಿ ಇಲ್ಲದ ಸಂಗ್ರಹದ) ಅಂಶಗಳನ್ನು ಒಂದೊಂದಾಗಿ ಓದಿಸುವುದನ್ನು ಪೂರ್ತಿ ನಿಷೇಧಿಸಿದೆ. ಇವನ್ನು ಹುಡುಕಲು ನಾಲ್ಕು ಊರು ಬೇಕಿಲ್ಲ, ಒಂದು ಕನ್ಸೋಲ್ ಸಾಕು. ಪ್ರತಿ ಫ್ರೇಮ್‌ನಲ್ಲೂ ಏಳು ಫ್ರೇಮ್ ಹಿಂದೆ ಹೋಗಿ ಮತ್ತೆ ಓಡಿಸಿ, ಹಳೆಯ ಚೆಕ್‌ಸಮ್ ಜೊತೆ ಹೋಲಿಸಿ, ಬೇರೆ ಬಂದ ಕೂಡಲೇ ಆಟ ನಿಲ್ಲಿಸಿ ಯಾವ ಅಂಕಿ ಬದಲಾಯ್ತು ಅಂತ ಬರೆಸಿ. ನನ್ನ ತಪ್ಪುಗಳಲ್ಲಿ ಹತ್ತಕ್ಕೆ ಎಂಟು ಹೀಗೇ ಸಿಕ್ಕವು. ಆಟಗಾರರ ಪಟ್ಟಿಯ ತಪ್ಪಿಗೆ ಮಾತ್ರ ಎರಡು ಕನ್ಸೋಲ್ ಬೇಕೇ ಬೇಕು.

ಸ್ನ್ಯಾಪ್‌ಶಾಟ್ ಸುಮಾರು 1.2 ಕೆಬಿ, ಹದಿನಾರು ಫ್ರೇಮ್‌ಗಳದ್ದನ್ನು ಉಳಿಸಿಡುವ ಬಫರ್. ಹಳೆಯ ಎಕ್ಸ್‌ಬಾಕ್ಸ್ ಒನ್‌ನ ಕೋರ್ 1.75 ಗಿಗಾಹರ್ಟ್ಸ್ ಮಾತ್ರ. ಮೊದಲು ಒಂದು ಫ್ರೇಮಿನ ಲೆಕ್ಕಕ್ಕೆ 2.6 ಮಿಲಿಸೆಕೆಂಡ್ ಹಿಡಿಯುತ್ತಿತ್ತು. ಎಂಟು ಫ್ರೇಮ್ ಹಿಂದೆ ಹೋದರೆ ಒಂಬತ್ತು ಸಲ ಲೆಕ್ಕ, 23 ದಾಟಿತು. ಒಂದು ಫ್ರೇಮ್‌ಗೆ ಕೈಯಲ್ಲಿರುವುದು 16.67. ಲೈಬ್ರರಿ ಹೋದ ಮೇಲೆ 0.4ಕ್ಕೆ ಇಳಿಯಿತು, ಈಗ ಒಂಬತ್ತು ಸಲಕ್ಕೂ ನಾಲ್ಕರ ಒಳಗೆ. ಆಟದ ಲೆಕ್ಕದೊಳಗೆ ಒಂದು ಸಲವೂ ಹೊಸ ಆಬ್ಜೆಕ್ಟ್ ಹುಟ್ಟಬಾರದು, ಹುಟ್ಟಿದರೆ ಬಳಸಿ ಬಿಟ್ಟ ಮೆಮೊರಿಯ ಕಸ ಗುಡಿಸಲು ರನ್‌ಟೈಮ್ (ಸಿ ಶಾರ್ಪ್ ಕೋಡ್ ಓಡಿಸುವ ವ್ಯವಸ್ಥೆ) ಬಂದು ನಡುವೆ ನಿಲ್ಲಿಸುತ್ತೆ.

ಗುಂಡಿ ಒತ್ತಿದ್ದಕ್ಕೆ ನಾನೇ ಬೇಕಂತ ಇಟ್ಟ ಸ್ವಂತ ತಡ ಎರಡು ಫ್ರೇಮ್, ಹಿಂದೆ ಹೋಗುವ ಮಿತಿ ಎಂಟು ಫ್ರೇಮ್. ಕನ್ಸೋಲ್‌ಗಳು ಒಂದಕ್ಕೊಂದು ಕಳಿಸುವ ಪ್ರತಿ ಪ್ಯಾಕೆಟ್‌ನಲ್ಲಿ ಇನ್ನೂ ತಲುಪಿದ ಖಾತ್ರಿ ಇಲ್ಲದ ಎಲ್ಲ ಫ್ರೇಮ್‌ಗಳ ಗುಂಡಿಗಳೂ ಇರುತ್ತವೆ, ಫ್ರೇಮ್‌ಗೆ ಎರಡು ಬೈಟ್. ಒಂದು ಪ್ಯಾಕೆಟ್ ದಾರಿಯಲ್ಲಿ ಬಿದ್ದರೆ ಮುಂದಿನದು ಅದನ್ನೂ ಹೊತ್ತು ತರುತ್ತೆ, ಮತ್ತೆ ಕೇಳುವ ಗೋಜಿಲ್ಲ. ಹೆಡರ್ ಸೇರಿ ಸರಾಸರಿ 70 ಬೈಟ್. ಸೆಕೆಂಡಿಗೆ 60ರಂತೆ ಒಬ್ಬರಿಗೆ 34 ಕಿಲೋಬಿಟ್, ಮೂವರಿಗೆ 100. ಎಸೆಯುವಾಗ ಕೈ ಹಿಂದಕ್ಕೆ ಎಳೆಯುವ ಆರು ಫ್ರೇಮ್ ಇಟ್ಟಿದ್ದೇನೆ. ಎದುರಾಳಿಯ ಗುಂಡಿ ಅಷ್ಟರೊಳಗೆ ತಡವಾಗಿ ಬಂದರೂ ಚೆಂಡು ಇನ್ನೂ ಕೈಯಲ್ಲೇ ಇರುತ್ತೆ, ಹಾಗಾಗಿ ಗಾಳಿಯಲ್ಲಿ ಚೆಂಡು ದಿಢೀರನೆ ಹುಟ್ಟುವುದಿಲ್ಲ. ಎದುರಾಳಿ ಮುಂದೇನು ಒತ್ತುತ್ತಾನೆ ಅನ್ನುವ ಊಹೆಗೆ ‘ಹಿಂದಿನದೇ ಮುಂದುವರಿಸು’ ಅನ್ನುವುದು ಎಲ್ಲರೂ ಮಾಡುವುದು. ಕಲ್ಲಿನ ಹತ್ತಿರ ಬಂದಾಗ ನಾನು ಬೇರೆ ಮಾಡುತ್ತೇನೆ. ಅದು ನನ್ನ ಹತ್ತಿರವೇ ಇರಲಿ.

ಹಾಸನದಿಂದ ಚಿಕ್ಕಮಗಳೂರಿಗೆ ಅರವತ್ತು ಕಿಲೋಮೀಟರ್ ಇದ್ದರೂ ಪ್ಯಾಕೆಟ್ ಬೇಲೂರು ದಾರಿ ಹಿಡಿಯಲ್ಲ, ಬೆಂಗಳೂರಿಗೋ ಚೆನ್ನೈಗೋ ಹೋಗಿ ವಾಪಸ್ ಬರುತ್ತೆ. ಫೈಬರ್‌ನಲ್ಲಿ ಹೋಗಿಬರಲು 30 ಮಿಲಿಸೆಕೆಂಡಿನ ಆಸುಪಾಸು. ಫೈಬರ್ ಇರುವ ಮನೆಗಳ ನಡುವೆ ಹೋಲ್ ಪಂಚಿಂಗ್, ಅಂದರೆ ಎರಡು ರೂಟರ್‌ಗಳ ಮೂಲಕ ನೇರ ದಾರಿ ತೆರೆಯುವುದು, ಸುಲಭ. ಮೊಬೈಲ್ ನೆಟ್ ಎರಡೂ ಕಡೆ ಇದ್ದರೆ ಅರ್ಧಕ್ಕರ್ಧ ಸಲ ಆಗಲೇ ಇಲ್ಲ, ಯಾಕೆಂದರೆ ಅಲ್ಲಿ ಪ್ರತಿ ಗುರಿಗೂ ಪೋರ್ಟ್ (ಹೊರಗಿನವರಿಗೆ ಕಾಣುವ ಬಾಗಿಲ ಸಂಖ್ಯೆ) ಬದಲಾಗುತ್ತೆ. ಪ್ರತಿ ಸಾಧನಕ್ಕೂ ಸ್ವಂತ ವಿಳಾಸ ಕೊಡಬಲ್ಲ ಇಂಟರ್ನೆಟ್ ಪದ್ಧತಿ ಐಪಿವಿ6 ಎರಡೂ ಕಡೆ ಸಿಕ್ಕಿದಾಗ ಆ ತೊಡಕು ತಪ್ಪುತ್ತೆ, ಮೊದಲು ಅದನ್ನೇ ಪ್ರಯತ್ನಿಸಿ. ಎರಡೂ ಆಗದವರಿಗೆ ತಿಂಗಳಿಗೆ ಐನೂರು ರೂಪಾಯಿಯ ಪುಟ್ಟ ರಿಲೇ. ಅದು ಪ್ಯಾಕೆಟ್ ದಾಟಿಸುತ್ತೆ ಅಷ್ಟೇ, ಆಟ ಅಂದರೇನು ಅಂತ ಅದಕ್ಕೆ ಗೊತ್ತಿಲ್ಲ. ನಾಲ್ವರೂ ರಿಲೇ ಮೇಲೆ ಬಂದರೂ ಪಂದ್ಯಕ್ಕೆ 18 ಎಂಬಿ. ಪಂದ್ಯ ಶುರುವಾಗುವ ಮುಂಚೆ ಲಾಬಿಯಲ್ಲಿ ಕಾಯುವಾಗ ಹತ್ತು ಸೆಕೆಂಡಿಗೊಂದು ಖಾಲಿ ಪ್ಯಾಕೆಟ್ ಕಳಿಸದಿದ್ದರೆ ರೂಟರ್ ದಾರಿ ಮುಚ್ಚಿಬಿಡುತ್ತೆ.

ನಡುವೆ ಒಂದು ಅಡ್ಡ ಪ್ರಯೋಗ. ಸಕಲೇಶಪುರದವರು ಮಾತ್ರ ‘ತಡ, ತಡ’ ಅನ್ನುತ್ತಲೇ ಇದ್ದರು, ನೆಟ್ ನೋಡಿದರೆ ಚೆನ್ನಾಗಿದೆ. ಸ್ವಂತ ತಡವನ್ನು ಸೊನ್ನೆ ಮಾಡಿ, ಬೆರಳು ಮತ್ತು ಪರದೆ ಎರಡೂ ಕಾಣುವಂತೆ ಫೋನಿನಲ್ಲಿ ಸೆಕೆಂಡಿಗೆ 240 ಫ್ರೇಮ್ ವಿಡಿಯೊ ತೆಗೆಸಿ ಎಣಿಸಿದೆ: 26 ಫ್ರೇಮ್, ಅಂದರೆ 108 ಮಿಲಿಸೆಕೆಂಡ್. ಟಿವಿಯ ಗೇಮ್ ಮೋಡ್ ಹಾಕಿಸಿದ ಮೇಲೆ 14, ಅಂದರೆ 58. ಇಷ್ಟು ದಿನ ಬೈಸಿಕೊಂಡದ್ದು ಟಿವಿಯ ಪಾಲಿನದು.

ಸದ್ದು ಇನ್ನೊಂದು ತಲೆನೋವು. ಹಿಂದೆ ಹೋಗಿ ಬಂದಾಗೆಲ್ಲಾ ಕಲ್ಲು ಬಿದ್ದ ಸದ್ದು ಎರಡು ಮೂರು ಸಲ ಕೇಳುತ್ತಿತ್ತು. ಈಗ ಪ್ರತಿ ಸದ್ದಿಗೆ ಫ್ರೇಮ್ ಸಂಖ್ಯೆ ಸೇರಿಸಿ ಒಂದು ಗುರುತು. ನುಡಿಸಿಯಾಗಿದ್ದರೆ ಮತ್ತೆ ನುಡಿಸಲ್ಲ. ಕೊನೆಯ ಕಲ್ಲು ಇಟ್ಟಾಗ ಬರುವ ‘ಲಗೋರಿ!’ ಕೂಗು ಮತ್ತು ಅಂಕ ಮಾತ್ರ ನಾಲ್ವರ ಗುಂಡಿಯೂ ಖಚಿತವಾದ ಫ್ರೇಮ್‌ಗೇ ಕಾಯುತ್ತೆ. ಗೆದ್ದೆ ಅಂತ ತೋರಿಸಿ ವಾಪಸ್ ಕಿತ್ತುಕೊಂಡರೆ ಕಂಟ್ರೋಲರ್ ಗೋಡೆಗೆ ಹೋಗುತ್ತೆ.

ಖರ್ಚು ನೆನಪಿನಿಂದ: ಹಳೆಯ ಎರಡು ಎಕ್ಸ್‌ಬಾಕ್ಸ್ ಒನ್ ಎಸ್ ಸೇರಿ 27 ಸಾವಿರ, ಡೆವಲಪರ್ ಖಾತೆಗೆ 19 ಡಾಲರ್, ಸ್ಟಿಕ್ ತಾನಾಗೇ ಸರಿಯುವ ಕಂಟ್ರೋಲರ್‌ಗಳ ರಿಪೇರಿಗೆ ಮೂರು ಸಾವಿರ, ಚಿತ್ರ ಬರೆದವರಿಗೆ 22 ಸಾವಿರ, ರೂಟರ್‌ಗೆ 12 ವೋಲ್ಟಿನ ಪುಟ್ಟ ಯುಪಿಎಸ್ ನಾಲ್ಕು ಮನೆಗೂ ಸೇರಿ ಐದು ಸಾವಿರ. ರಿಲೇ, ಮೊದಲಿನ ಸರ್ವರ್ ಎಲ್ಲಾ ಸೇರಿ ಎಪ್ಪತ್ತೈದರ ಹತ್ತಿರ. ಬಾಡಿಗೆ ಸರ್ವರ್‌ನಲ್ಲೇ ಮುಂದುವರಿದಿದ್ದರೆ ವರ್ಷಕ್ಕೆ ಇಪ್ಪತ್ತು ಸಾವಿರ ಹೋಗುತ್ತಲೇ ಇರುತ್ತಿತ್ತು.

ಯುಪಿಎಸ್ ಇರುವುದು ರೂಟರ್‌ಗೆ, ಕನ್ಸೋಲ್‌ಗಲ್ಲ. ಆಷಾಢದ ಮಳೆಯಲ್ಲಿ ಮಲೆನಾಡಿನ ಕಡೆ ಒಂದು ಸಂಜೆಗೆ ಇಬ್ಬರಾದರೂ ಪಂದ್ಯದ ನಡುವೆ ಮಾಯ. ಉಳಿದ ಮೂವರ ಪೈಕಿ ಒಬ್ಬರಿಗೆ ಹೋದವರ ಗುಂಡಿ 1203ನೇ ಫ್ರೇಮ್‌ವರೆಗೆ ಬಂದಿರುತ್ತೆ, ಇನ್ನೊಬ್ಬರಿಗೆ 1200ರವರೆಗೆ. ಅವರವರ ಲೆಕ್ಕದಲ್ಲಿ ಮುಂದುವರಿದರೆ ಅಲ್ಲೇ ಡೀಸಿಂಕ್. ಹಾಗಾಗಿ ಮೂರು ಸೆಕೆಂಡ್ ಪ್ಯಾಕೆಟ್ ಬರದಿದ್ದರೆ ಮೂವರೂ ತಮ್ಮ ಕೊನೆಯ ಸಂಖ್ಯೆ ಹಂಚಿಕೊಂಡು, ಚಿಕ್ಕದನ್ನು ಒಪ್ಪಿ, ಅಲ್ಲಿಗೆ ಹಿಂದೆ ಹೋಗಿ, ಅಲ್ಲಿಂದ ಮುಂದೆ ಹೋದವರ ಗುಂಡಿ ಸೊನ್ನೆ ಅಂತ ಆಡುತ್ತಾರೆ. 1203ರವರೆಗೆ ಬಂದವರು ಅಷ್ಟರಲ್ಲಿ 1211ಕ್ಕೆ ಹೋಗಿ ನಿಂತಿರುತ್ತಾರೆ, ಹನ್ನೊಂದು ಫ್ರೇಮ್ ಹಿಂದೆ ಬರಬೇಕು. ಎಂಟರ ಮಿತಿ ಇದ್ದೂ ಬಫರ್ ಹದಿನಾರು ಇಟ್ಟಿದ್ದು ಇದಕ್ಕೇ. ಕರೆಂಟು ಬಂದವರು ಮುಂದಿನ ಸುತ್ತಿಗೆ ಸೇರಿಕೊಳ್ಳುತ್ತಾರೆ.